ಹೆಣ್ಣು ಹೂವಿಗಾಗಿ ಕಾದ ಒಂದು ವರ್ಷ: ಹೊಸ ಬಿಗೋನಿಯಾವೊಂದನ್ನು ವಿವರಿಸಿದ ನನ್ನ ಅನುಭವ

ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯಲ್ಲಿ, ಸದಾ ನೀರು ಜಿನುಗುವ ಒಂದು ಬಂಡೆಯ ಮೇಲೆ ಆ ಗಿಡವನ್ನು ಮೊದಲು ಕಂಡಾಗ ಅದು ಹೊಸ ಪ್ರಭೇದವೆಂದು ನನಗೆ ಅನ್ನಿಸಲೇ ಇಲ್ಲ. ಮಲೆನಾಡಿನ ಕಾಡುಗಳಲ್ಲಿ ಸಸ್ಯಸಂಗ್ರಹ ಕಲಿತ ನನಗೆ ಪರಿಚಯವಿದ್ದದ್ದು ಪಶ್ಚಿಮ ಘಟ್ಟದ ಕೆಲವೇ ಬಿಗೋನಿಯಾಗಳು. ಈಶಾನ್ಯದ ಲೆಕ್ಕವೇ ಬೇರೆ. ಜಗತ್ತಿನಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲದ ಭಾರತೀಯ ಪ್ರಭೇದಗಳಲ್ಲಿ ಹೆಚ್ಚಿನವು ಇರುವುದು ಅಲ್ಲಿಯೇ, ಆದ್ದರಿಂದ ಗೊತ್ತಿಲ್ಲದ ಗಿಡ ಕಂಡರೆ ಅದು ನನಗೆ ಮಾತ್ರ ಹೊಸದು ಎಂದುಕೊಳ್ಳುವುದೇ ಕ್ಷೇಮ. ಅನುಮಾನ ಹುಟ್ಟಿಸಿದವರು ದಾರಿ ತೋರಿಸಲು ಜೊತೆಗೆ ಬಂದಿದ್ದ, ಆದಿ ಎಂಬ ಅಲ್ಲಿನ ಬುಡಕಟ್ಟಿನ ಹಿರಿಯರು. ಬಿಗೋನಿಯಾದ ತೊಟ್ಟು ಹುಳಿಯಾಗಿರುತ್ತದೆ. ಆ ಕಡೆ ಕೆಲವು ಬಗೆಗಳನ್ನು ಚಟ್ನಿಗೂ ಹಾಕುತ್ತಾರೆ. ಅವರು ಒಂದು ತೊಟ್ಟನ್ನು ಮುರಿದು, ಅದರ ಮೇಲಿನ ಕಂದುಗೆಂಪು ಕೂದಲನ್ನು ಬೆರಳಲ್ಲಿ ಸವರಿ, ‘ಇದು ನಾವು ತಿನ್ನುವುದಲ್ಲ ಸರ್, ಇದು ಬೇರೆ’ ಎಂದು ಹಿಂದಿಯಲ್ಲಿ ಹೇಳಿ ಎಸೆದರು.

ಅದು ಫೆಬ್ರವರಿ. ಗೊಂಚಲುಗಳ ತುಂಬ ಹೂವಿತ್ತು, ಎಲ್ಲವೂ ಗಂಡು. ಬಿಗೋನಿಯಾದ ಒಂದೇ ಗಿಡದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆಯಾಗಿರುತ್ತವೆ. ಬಹಳಷ್ಟು ಪ್ರಭೇದಗಳಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರಿದ ಮೇಲೆಯೇ ಹೆಣ್ಣು ಹೂಗಳ ಸರದಿ. ಓದಿ ತಿಳಿದಿದ್ದ ಸಂಗತಿಯೇ ಆದರೂ, ಇಷ್ಟು ಹೂವಿರುವಾಗ ಒಂದಾದರೂ ಹೆಣ್ಣು ಇದ್ದೀತು ಎಂಬ ಭರವಸೆಯಿಂದ ಕತ್ತಲಾಗುವವರೆಗೆ ಹುಡುಕಿದೆ, ಸಿಗಲಿಲ್ಲ. ಎರಡನೆಯ ಎಡವಟ್ಟು ನನ್ನದೇ. ನೀರು ತುಂಬಿದ ಈ ಗಿಡಗಳನ್ನು ಸಾಮಾನ್ಯ ಗಿಡಗಳಂತೆ ಪತ್ರಿಕೆಗಳ ನಡುವೆ ಇಟ್ಟು ಒತ್ತಿದೆ. ಅಲ್ಲಿನ ತೇವಕ್ಕೆ ನಾಲ್ಕನೆಯ ದಿನ ಬಿಚ್ಚಿ ನೋಡಿದರೆ ಎಲೆಗಳು ತೊಟ್ಟಿನಿಂದ ಕಳಚಿ, ಬೂದು ಬೂಷ್ಟು ಹಿಡಿದಿದ್ದವು. ಇಂಥ ಗಿಡಗಳನ್ನು ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಸ್ಪಿರಿಟ್ ಸುರಿದು ಬಿಗಿಯಾಗಿ ಕಟ್ಟಿ ತಂದು, ಆಮೇಲೆ ಒಣಗಿಸಬೇಕು. ಹೂಗಳನ್ನು ಬೇರೆಯಾಗಿ 70 ಪ್ರತಿಶತ ಆಲ್ಕೋಹಾಲಿನ ಸೀಸೆಯಲ್ಲಿ ಹಾಕಬೇಕು. ಆ ಸಲ ಉಳಿದದ್ದು ಸೀಸೆಯಲ್ಲಿದ್ದ ಗಂಡು ಹೂಗಳು ಮತ್ತು ಛಾಯಾಚಿತ್ರಗಳು ಮಾತ್ರ.

ಅಂಡಾಶಯವಿಲ್ಲದೆ ಬಿಗೋನಿಯಾದ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾಗದು. ಅದರೊಳಗೆ ಎಷ್ಟು ಕೋಣೆಗಳಿವೆ, ಬೀಜದ ಮೊಗ್ಗುಗಳನ್ನು ಹೊತ್ತ ಜರಾಯು ಒಂದೇ ಹಾಳೆಯಾಗಿದೆಯೋ ಎರಡಾಗಿ ಸೀಳಿದೆಯೋ, ಹೊರಗೆ ರೆಕ್ಕೆಗಳು ಎಷ್ಟು, ಅವು ಸಮವೋ ಅಸಮವೋ ಎಂಬುದರ ಮೇಲೆ ಈ ದೊಡ್ಡ ಕುಲವನ್ನು ವಿಭಾಗಗಳಾಗಿ ಒಡೆಯುತ್ತ ಬಂದಿದ್ದಾರೆ; ವಂಶವಾಹಿಯ ಆಧಾರವನ್ನೂ ಸೇರಿಸಿಕೊಂಡು 2018ರಲ್ಲಿ ಪ್ರಕಟವಾದ ವರ್ಗೀಕರಣದಲ್ಲಿ 70 ವಿಭಾಗಗಳಿವೆ. ನನ್ನ ಗಿಡ ಯಾವ ವಿಭಾಗದ್ದು ಎಂಬುದೇ ಗೊತ್ತಿಲ್ಲದೆ ಯಾವುದರೊಂದಿಗೆ ಹೋಲಿಸುವುದು? ಮುಂದಿನ ಹೂಗಾಲದವರೆಗೆ ಕಾಯುವುದೊಂದೇ ದಾರಿ.

ಕಾಯುವ ಆ ಅವಧಿಯಲ್ಲಿ ನಿಜವಾದ ಕೆಲಸ ನಡೆಯಿತು. ಹೊಸ ಪ್ರಭೇದವನ್ನು ವಿವರಿಸುವುದೆಂದರೆ, ಹಿಂದೆ ಯಾರೂ ಅದಕ್ಕೆ ಹೆಸರಿಟ್ಟಿಲ್ಲವೆಂದು ತೋರಿಸಿಕೊಡುವುದೇ ಮುಕ್ಕಾಲು ಪಾಲು. ಹೂಕರ್ ಸಂಪಾದಿಸಿದ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ದಲ್ಲಿ ಸಿ.ಬಿ. ಕ್ಲಾರ್ಕ್ 1879ರಲ್ಲಿ ಬರೆದ ಬಿಗೋನಿಯಾ ಭಾಗದಿಂದ ಹಿಡಿದು ಇತ್ತೀಚಿನ ಪ್ರಬಂಧಗಳವರೆಗೆ ಓದಿದೆ. ಭಾರತದ್ದಷ್ಟೇ ಸಾಲದು, ಸಿಯಾಂಗ್ ನದಿಯೇ ಗಡಿಯಾಚೆಗೆ ಯಾರ್ಲುಂಗ್ ತ್ಸಾಂಗ್ಪೋ ಆಗಿರುವುದರಿಂದ ಟಿಬೆಟಿನ ಮೆಡೋಗ್ ಕಡೆಯಿಂದ ಚೀನೀಯರು ವಿವರಿಸಿದ ಪ್ರಭೇದಗಳನ್ನೂ, ಮ್ಯಾನ್ಮಾರಿನವನ್ನೂ ನೋಡಬೇಕಾಯಿತು. ಹೌರಾದ ಕೇಂದ್ರೀಯ ಹರ್ಬೇರಿಯಂ ಮತ್ತು ಶಿಲ್ಲಾಂಗಿನ ಹರ್ಬೇರಿಯಂಗಳಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯಗಳಲ್ಲಿ, ಗಿಡ ಅಂಟಿಸಿದ ಹಳೆಯ ಹಾಳೆಗಳನ್ನು ಒಂದೊಂದಾಗಿ ತಿರುವಿದೆ. ಒಣಗಿದ ಬಿಗೋನಿಯಾದಷ್ಟು ನಿರಾಶೆ ಹುಟ್ಟಿಸುವ ವಸ್ತು ಇನ್ನೊಂದಿಲ್ಲ: ಬಣ್ಣವೆಲ್ಲ ಕಂದು, ಎಲೆ ಸಿಗರೇಟು ಕಾಗದದಷ್ಟು ತೆಳು, ಹೂದಳಗಳು ಹಾಳೆಗೆ ಅಂಟಿದ ಕಲೆಗಳು.

ತೊಂದರೆ ಕೊಟ್ಟದ್ದು ಮುಖ್ಯವಾಗಿ ಬಿಗೋನಿಯಾ ರೆಕ್ಸ್. ನಮ್ಮ ಮನೆಗಳ ಜಗಲಿಯ ಕುಂಡಗಳಲ್ಲಿ ಕಾಣುವ ಬಣ್ಣದೆಲೆಯ ತಳಿಗಳ ಮೂಲ ಅದೇ. 1857ರಲ್ಲಿ ಸಸ್ಯಶಾಸ್ತ್ರಜ್ಞ ಪುಟ್ಜೀಸ್ ಆ ಹೆಸರಿಟ್ಟದ್ದು ಯುರೋಪಿನ ಗಾಜಿನ ಮನೆಯಲ್ಲಿ ಬೆಳೆದ ಗಿಡಕ್ಕೆ, ಚಿತ್ರಫಲಕಗಳ ಸಹಿತ. ಕಾಡಿನಲ್ಲಿ ಆ ಪ್ರಭೇದ ಎಷ್ಟು ಬಗೆಯಾಗಿ ಕಾಣಬಹುದೆಂದು ಆ ಚಿತ್ರಗಳಿಂದ ಊಹಿಸುವುದು ಕಷ್ಟ. ನನ್ನ ಗಿಡದ ಎಲೆಯ ಮೇಲಿನ ಬೆಳ್ಳಿಯ ಚುಕ್ಕೆಗಳೇ ದೊಡ್ಡ ವ್ಯತ್ಯಾಸವೆಂದು ನಾನು ಆರಂಭದಲ್ಲಿ ಬರೆದುಕೊಂಡಿದ್ದೆ. ಮರುವರ್ಷ ನೋಡಿದರೆ ಅದೇ ಬಂಡೆಯ ಮೇಲೆ ಚುಕ್ಕೆ ಇರುವವು, ಇಲ್ಲದವು ಪಕ್ಕಪಕ್ಕದಲ್ಲೇ ಇದ್ದವು. ಆ ಸಾಲನ್ನು ಹೊಡೆದುಹಾಕಿದೆ. ಎಲೆಯ ಬಣ್ಣವನ್ನು ನೆಚ್ಚಿ ಪ್ರಭೇದ ಮಾಡುವವರ ಬಗ್ಗೆ ನನಗೆ ಅಂದಿನಿಂದ ಸ್ವಲ್ಪ ಅಪನಂಬಿಕೆ.

ಎರಡನೆಯ ಸಲ ಏಪ್ರಿಲಿನಲ್ಲಿ ಹೋದೆ. ಅರುಣಾಚಲ ಪ್ರವೇಶಕ್ಕೆ ಬೇಕಾದ ಇನ್ನರ್ ಲೈನ್ ಪರವಾನಗಿ, ಅರಣ್ಯ ಇಲಾಖೆಯ ಅನುಮತಿ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾಯಿತು. ಜಿಗಣೆಗಳ ಕಾಟವನ್ನು ಬರೆದು ಉಪಯೋಗವಿಲ್ಲ. ಗೊಂಚಲಿನ ತುದಿಯಲ್ಲಿ ಎರಡು ಹೆಣ್ಣು ಹೂಗಳು ಜೋತು ನಿಂತಿದ್ದವು. ಸುರುಳಿಯಾಗಿ ತಿರುಚಿಕೊಂಡ ಹಳದಿ ಶಲಾಕಾಗ್ರಗಳು (ಹೆಣ್ಣು ಹೂವಿನ ಪರಾಗ ಹಿಡಿಯುವ ತುದಿಗಳು) ದೂರಕ್ಕೆ ಥೇಟ್ ಗಂಡು ಹೂವಿನ ಕೇಸರದ ಗುಚ್ಛದಂತೆಯೇ. ಹೆಣ್ಣು ಹೂವಿನಲ್ಲಿ ದುಂಬಿಗೆ ಕೊಡಲು ಏನೂ ಇರುವುದಿಲ್ಲ, ಗಂಡು ಹೂವೆಂದು ಮೋಸಹೋಗಿಯೇ ಅದು ಬರಬೇಕು. ಒಂದು ಹೂವನ್ನು ಅಂಗೈಯಲ್ಲಿಟ್ಟುಕೊಂಡು ಹೊಸ ಬ್ಲೇಡಿನಿಂದ ಅಂಡಾಶಯವನ್ನು ಅಡ್ಡಲಾಗಿ ಕೊಯ್ದೆ. ಹುಳಿ ನೀರು ಒಸರಿ ಬೆರಳು ಒದ್ದೆಯಾಯಿತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದರೆ ಎರಡು ಕೋಣೆಗಳು. ಪ್ರತಿ ಕೋಣೆಯಲ್ಲೂ ನಡುವಿನಿಂದ ಹೊರಟು ಎರಡಾಗಿ ಕವಲೊಡೆದ ಜರಾಯು. ಅದರ ಎರಡೂ ಮೈಗೆ ರವೆ ಮೆತ್ತಿದಂತೆ ಬಿಳಿಯ ಅಂಡಕಗಳು, ಅಂದರೆ ಬೀಜದ ಮೊಗ್ಗುಗಳು. ಹೊರಗೆ ಮೂರು ರೆಕ್ಕೆ, ಒಂದು ಮಾತ್ರ ಉಳಿದೆರಡಕ್ಕಿಂತ ಬಹಳ ಉದ್ದ. ಈ ಲಕ್ಷಣಗಳ ಪ್ರಕಾರ ಗಿಡ ಪ್ಲಾಟಿಸೆಂಟ್ರಂ ವಿಭಾಗದ್ದು. ರೆಕ್ಸ್ ಕೂಡ ಅಲ್ಲಿಯದೇ ಆದ್ದರಿಂದ ಹೋಲಿಕೆ ಸರಿಯಾದ ಮನೆಯಲ್ಲೇ ನಡೆದಿತ್ತು. ಉದ್ದದ ರೆಕ್ಕೆಯ ಆಕಾರ, ತೊಟ್ಟಿನ ಕೂದಲು, ಪರಾಗಕೋಶಗಳ ನಡುವಿನ ಕೊಂಡಿ ತುದಿಯಲ್ಲಿ ಚಾಚಿಕೊಂಡ ರೀತಿ ಈ ಮೂರರಲ್ಲೂ ಅದು ಎಲ್ಲ ಹತ್ತಿರದ ಪ್ರಭೇದಗಳಿಂದ ಬೇರೆಯಾಗಿತ್ತು, ಆ ವ್ಯತ್ಯಾಸ ನಾನು ನೋಡಿದ ಪ್ರತಿಯೊಂದು ಗಿಡದಲ್ಲೂ ಒಂದೇ ಆಗಿತ್ತು.

ವಿವರಣೆ ಬರೆಯುವುದು ಶುಷ್ಕ ಕೆಲಸವೆಂದು ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಗಿಡದ ನಿಲುವು, ಅಡ್ಡಡ್ಡ ಹಬ್ಬುವ ಗುಪ್ತಕಾಂಡ, ಎಲೆತೊಟ್ಟು, ಎಲೆ, ಗೊಂಚಲು, ಹೂ, ಕಾಯಿ, ಬೀಜ ಎಂಬ ಕ್ರಮದಲ್ಲಿ, ಪ್ರತಿಯೊಂದಕ್ಕೂ ಕನಿಷ್ಠ ಮತ್ತು ಗರಿಷ್ಠ ಅಳತೆ ಕೊಡುತ್ತ ಹೋಗಬೇಕು. ಬೇರೆಬೇರೆ 20 ಗಿಡಗಳ ಎಲೆಗಳನ್ನು ಅಳೆದೆ. ಕಾಡಿನ ಟಿಪ್ಪಣಿಯನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. ಹಿರ್ಸೂಟ್, ವಿಲ್ಲಸ್, ಟೊಮೆಂಟೋಸ್ ಎಂಬ, ಕೂದಲಿನ ಬಗೆಗಳನ್ನು ಹೇಳುವ ಲ್ಯಾಟಿನ್ ಮೂಲದ ಪದಗಳ ನಡುವೆ ತಡಕಾಡುವ ಮೊದಲು, ಎಲೆಯ ಮೇಲಿನದು ನವಿರು, ಅಂಚಿನದು ಸುಂಕು, ತೊಟ್ಟಿನದು ನಾಯಿಯ ಜೂಲು ಎಂದು ಗುರುತು ಹಾಕಿಕೊಂಡದ್ದರಿಂದ ಯಾವ ಕೂದಲು ಎಲ್ಲಿಯದೆಂಬ ಗೊಂದಲ ಕೊನೆಯವರೆಗೂ ಬರಲಿಲ್ಲ. ಅಚ್ಚಿಗೆ ಹೋಗುವ ವಿವರಣೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಇಂಗ್ಲಿಷ್ ಸಾಕೆಂದು ನಿಯಮ ಸಡಿಲವಾದದ್ದು 2012ರ ಜನವರಿ 1ರಿಂದ. ಅದಕ್ಕೆ ಮೊದಲು ಲ್ಯಾಟಿನ್ ಕಡ್ಡಾಯವಾಗಿತ್ತು.

ನಿಯಮದ ಪ್ರಕಾರ ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮೂಲ ಮಾದರಿ ಎಂದು ಗೊತ್ತುಮಾಡಿ, ಅದನ್ನು ಯಾವ ಹರ್ಬೇರಿಯಂನಲ್ಲಿ ಇಡಲಾಗಿದೆ ಎಂದು ಬರೆಯಬೇಕು. ಕಾಯಿ, ಹೆಣ್ಣು ಹೂ, ಗಂಡು ಹೂ ಮೂರೂ ಒಂದೇ ಹಾಳೆಯಲ್ಲಿರುವ ಮಾದರಿಯನ್ನೇ ಆರಿಸಿದೆ, ಮುಂದೆ ನನ್ನ ಹಾಗೆ ಯಾರೂ ಪರದಾಡಬಾರದಲ್ಲ. ಗಿಡಕ್ಕೆ ಇಟ್ಟ ಹೆಸರನ್ನು ಇಲ್ಲಿ ಬರೆದಿಲ್ಲ. ಪ್ರಬಂಧ ಇನ್ನೂ ಪರಿಶೀಲನೆಯಲ್ಲಿದೆ. ವಿವರಣೆಯಿಲ್ಲದೆ ಹೊರಬಿದ್ದ ಹೆಸರಿಗೆ ಶಾಸ್ತ್ರದಲ್ಲಿ ಮಾನ್ಯತೆಯಿಲ್ಲ, ಅದನ್ನು ನೋಮೆನ್ ನೂಡಮ್, ಅಂದರೆ ಬೆತ್ತಲೆ ಹೆಸರು ಎನ್ನುತ್ತಾರೆ. ಬಿಗೋನಿಯಾ ಎಂಬುದು ಲ್ಯಾಟಿನ್ನಿನಲ್ಲಿ ಸ್ತ್ರೀಲಿಂಗವಾದ್ದರಿಂದ ಹೆಸರಿನ ಎರಡನೆಯ ಪದವಾದ ವಿಶೇಷಣದ ಕೊನೆಯನ್ನು ಅದಕ್ಕೆ ಹೊಂದಿಸಬೇಕೆಂಬುದನ್ನು ಮಾತ್ರ ಎರಡೆರಡು ಸಲ ನೋಡಿಕೊಂಡೆ.

ಜಾಗದ ವಿವರವನ್ನೂ ಬೇಕೆಂದೇ ಮಸುಕುಗೊಳಿಸಿದ್ದೇನೆ. ಅಂದದ ಎಲೆಯ ಗಿಡಗಳಿಗೆ ಕೊಳ್ಳುವವರಿದ್ದಾರೆ, ಕಿತ್ತು ಕೊಡುವವರೂ ಇದ್ದಾರೆ. ಇದರ ಅಳಿವಿನ ಅಪಾಯ ಎಷ್ಟೆಂದು ನಿರ್ಧರಿಸುವಾಗ ಸಹಲೇಖಕರೊಂದಿಗೆ ನನಗೆ ಸಣ್ಣ ಜಗಳವೇ ಆಯಿತು. ಬೆಳೆದ ಗಿಡಗಳು 50ಕ್ಕಿಂತ ಕಡಿಮೆಯಿದ್ದರೆ ಅದನ್ನು ಅತ್ಯಂತ ಅಪಾಯದಲ್ಲಿರುವ ವರ್ಗಕ್ಕೆ ಸೇರಿಸಬಹುದು. ನಾವು ಎಣಿಸಿದ್ದು ಎರಡು ಬಂಡೆಗಳಲ್ಲಿ 43. ಆದರೆ ಗುಪ್ತಕಾಂಡ ಹಬ್ಬಿಸಿ ಬೆಳೆಯುವ ಗಿಡದಲ್ಲಿ ಒಂದೆಲ್ಲಿ ಮುಗಿದು ಇನ್ನೊಂದೆಲ್ಲಿ ಆರಂಭವಾಗುತ್ತದೆಂದು ಎಣಿಸುವುದು ಹೇಗೆ? ಮೇಲಿನ ಹಳ್ಳಗಳನ್ನು ನಾವು ಹತ್ತಿಯೇ ಇರಲಿಲ್ಲ. ಕೊನೆಗೆ ‘ಮಾಹಿತಿ ಸಾಲದು’ ಎಂಬ ವರ್ಗದಲ್ಲೇ ಇಟ್ಟೆವು.

ಪರಿಶೀಲಕರಲ್ಲಿ ಒಬ್ಬರು ಮಾಗಿದ ಕಾಯಿಯ ಅಳತೆ ಕೇಳಿದ್ದಾರೆ. ನಾನು ಕೊಟ್ಟದ್ದು ಎಳೆಯ ಕಾಯಿಯದು. ಪ್ರಶ್ನೆ ನ್ಯಾಯವಾದದ್ದೇ. ಅನುಮತಿ ಪಡೆದು ತಂದ ಗುಪ್ತಕಾಂಡದ ಎರಡು ತುಂಡುಗಳು ಇಟಾನಗರದ ಒಂದು ನೆರಳುಮನೆಯಲ್ಲಿ ಚಿಗುರಿವೆ. ಕಳೆದ ತಿಂಗಳು ಅಲ್ಲಿನ ಮಿತ್ರರು ಬ್ರಶ್ಶಿನಿಂದ ಪರಾಗ ತಾಗಿಸಿದ ಹೂವೊಂದು ಕಾಯಿ ಕಚ್ಚಿದೆ. ಅದು ಒಣಗಿ ಬಿರಿಯುವ ಮೊದಲು ತೆಳು ಕಾಗದದ ಪೊಟ್ಟಣ ಕಟ್ಟಿರಿ, ಬೀಜ ಧೂಳಿನಷ್ಟು ಸಣ್ಣದು ಎಂದು ಅವರಿಗೆ ಬರೆದಿದ್ದೇನೆ.