ಸಭೆಯಲ್ಲಿ ಸ್ತ್ರೀಯರ ಸಂಘವನ್ನು ನಡೆಸುವ ಬಗೆ

ಕರ್ನಾಟಕದ ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸ್ತ್ರೀಯರ ಸಂಘವೊಂದು ಹೆಸರಿಗಾದರೂ ಇರುತ್ತದೆ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎಂದು ಮೂವರ ಹೆಸರು ಸಭೆಯ ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ. ಕ್ರಿಸ್ಮಸ್‌ಗೆ ಒಂದು ಗೀತೆ, ಸುಗ್ಗಿ ಹಬ್ಬಕ್ಕೆ ಅಡುಗೆ, ಬಿಷಪ್ಪರು ಬಂದಾಗ ಆರತಿ ತಟ್ಟೆಯ ಬದಲು ಹೂಗುಚ್ಛ, ಇಷ್ಟರಲ್ಲಿ ವರ್ಷ ಮುಗಿಯುತ್ತದೆ. ಸಭೆಯ ಉಳಿದ ಕೆಲಸಗಳಿಗೆ ಕೈಯಾಳುಗಳನ್ನು ಒದಗಿಸುವ ವಿಭಾಗವಾಗಿ ಉಳಿದ ಸಂಘವು ಎಷ್ಟೇ ಚಟುವಟಿಕೆಯಿಂದ ಕಂಡರೂ ಅದನ್ನು ಸೇವೆ ಎನ್ನುವುದು ಕಷ್ಟ. ಸದಸ್ಯೆಯರ ದಿನಚರಿ, ಅವರ ದುಡಿಮೆ, ಅವರ ದುಃಖ, ಅವರ ಹಣ ಇವುಗಳ ಸುತ್ತ ಸಂಘವನ್ನು ಕಟ್ಟುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿದ, ತಾಲ್ಲೂಕು ಕೇಂದ್ರದಲ್ಲಿರುವ, ಅರವತ್ತು ಎಪ್ಪತ್ತು ಕುಟುಂಬಗಳ ಒಂದು ಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಬೆಂಗಳೂರಿನಂಥ ನಗರದ ದೊಡ್ಡ ಸಭೆಗಳವರು ತಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು.

ಮೊದಲು ಪಟ್ಟಿ, ಆಮೇಲೆ ಕಾರ್ಯಕ್ರಮ

ಹೊಸದಾಗಿ ಹೊಣೆ ಹೊತ್ತವರು ಮೊದಲ ತಿಂಗಳು ಯಾವ ಕಾರ್ಯಕ್ರಮವನ್ನೂ ಹಾಕಿಕೊಳ್ಳದೆ, ಇನ್ನೂರು ಪುಟದ ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗುವುದು ಒಳ್ಳೆಯದು. ಸಭೆಯ ರಿಜಿಸ್ಟರಿನಲ್ಲಿ ಕುಟುಂಬದ ಯಜಮಾನನ ಹೆಸರು ಸಿಗುತ್ತದೆ. ಆ ಮನೆಯ ಹೆಂಗಸರು ಎಷ್ಟು ಗಂಟೆಗೆ ಏಳುತ್ತಾರೆ, ಎಲ್ಲಿಗೆ ದುಡಿಯಲು ಹೋಗುತ್ತಾರೆ, ಯಾವ ಹೊತ್ತಿನಲ್ಲಿ ಬಿಡುವಾಗಿರುತ್ತಾರೆ ಎಂಬುದು ಸಿಗುವುದಿಲ್ಲ. ಒಬ್ಬರು ಗಾರ್ಮೆಂಟ್ಸ್‌ಗೆ ಹೋಗಿ ಸಂಜೆ ಏಳಕ್ಕೆ ಮರಳುವವರು, ಒಬ್ಬರು ಆಶಾ ಕಾರ್ಯಕರ್ತೆ, ಒಬ್ಬರು ಕೂಲಿಗೆ ಹೋಗುವವರು, ಒಬ್ಬರು ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಗೆ ಬರಲಾರದವರು. ಇವರೆಲ್ಲರಿಗೂ ಶನಿವಾರ ಮಧ್ಯಾಹ್ನ ಮೂರು ಗಂಟೆ ಅನುಕೂಲ ಎಂದು ಹಿಂದಿನವರು ತೀರ್ಮಾನಿಸಿದ್ದರೆ, ಆ ಮೂರು ಗಂಟೆ ನಿವೃತ್ತ ಶಿಕ್ಷಕಿಯರಿಗೆ ಮಾತ್ರ ಅನುಕೂಲವಾಗಿತ್ತು ಎಂಬುದು ನೋಟ್‌ಬುಕ್ ತುಂಬಿದ ಮೇಲೆ ತಿಳಿಯುತ್ತದೆ. ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ನಲ್ಲಿ ನೀರು ಬಿಡುವ ಊರುಗಳಲ್ಲಿ ನೀರು ಬರುವ ದಿನ ಕೂಟವನ್ನಿಟ್ಟರೆ ಯಾರೂ ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ಇಂಥ ಸಂದರ್ಭದಲ್ಲಿ ಒಂದೇ ಕೂಟಕ್ಕೆ ಎಲ್ಲರನ್ನೂ ಎಳೆಯುವ ಬದಲು, ತಿಂಗಳಿಗೊಮ್ಮೆ ಎಲ್ಲರೂ ಸೇರುವ ಕೂಟವೊಂದನ್ನು ಭಾನುವಾರದ ಆರಾಧನೆಯ ಬೆನ್ನಿಗೇ ಇಟ್ಟುಕೊಂಡು, ಉಳಿದ ವಾರಗಳಲ್ಲಿ ಬೀದಿವಾರು ಅಥವಾ ಕೆಲಸದ ಹೊತ್ತಿಗೆ ತಕ್ಕಂತೆ ಎಂಟು ಹತ್ತು ಜನರ ಸಣ್ಣ ಗುಂಪುಗಳನ್ನು ಮಾಡಿಕೊಳ್ಳಬಹುದು. ಸಣ್ಣ ಗುಂಪುಗಳನ್ನು ರಚಿಸುವಾಗ ಅತ್ತೆ ಸೊಸೆಯರನ್ನು ಒಂದೇ ಗುಂಪಿಗೆ ಹಾಕಬಾರದು. ಇದು ತಮಾಷೆಯ ಮಾತಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತರೆ ಇಬ್ಬರ ಬಾಯಿಯೂ ಕಟ್ಟಿಹೋಗುತ್ತದೆ.

ಕೂಟ ಮನೆಗಳಲ್ಲಿ ನಡೆಯುವುದಾದರೆ ಉಪಚಾರಕ್ಕೆ ಕಟ್ಟುನಿಟ್ಟಾದ ನಿಯಮ ಬೇಕು: ಚಹಾ ಮತ್ತು ಬಿಸ್ಕತ್ತು, ಅದಕ್ಕಿಂತ ಹೆಚ್ಚಿಲ್ಲ. ಒಬ್ಬರ ಮನೆಯಲ್ಲಿ ಉಪ್ಪಿಟ್ಟು ಆದರೆ ಮುಂದಿನವರು ಅದರ ಜೊತೆಗೆ ಕೇಸರಿಬಾತ್ ಮಾಡುತ್ತಾರೆ, ಅದರ ಮುಂದಿನವರು ಪಲಾವ್‌ಗೆ ಇಳಿಯುತ್ತಾರೆ, ನಾಲ್ಕನೆಯ ತಿಂಗಳಿಗೆ ಬಾಡಿಗೆ ಮನೆಯ ಒಂಟಿ ಕೋಣೆಯಲ್ಲಿರುವ ಸಹೋದರಿ ತನ್ನ ಸರದಿ ಬರುವ ಮೊದಲೇ ಕೂಟಕ್ಕೆ ಬರುವುದನ್ನು ಬಿಡುತ್ತಾಳೆ. ಆಕೆ ಕಾರಣವನ್ನು ಯಾರಿಗೂ ಹೇಳುವುದಿಲ್ಲ. ಭಕ್ತಿ ತಣ್ಣಗಾಯಿತು ಎಂದು ಉಳಿದವರು ಅಂದುಕೊಳ್ಳುತ್ತಾರೆ.

ಕೂಟದ ಒಂದೂಕಾಲು ಗಂಟೆ

ಕೂಟವು ಒಂದೂಕಾಲು ಗಂಟೆಯನ್ನು ಮೀರದಿರಲಿ ಮತ್ತು ಹೇಳಿದ ಹೊತ್ತಿಗೆ ಮುಗಿಯಲಿ. ಒಲೆಯ ಮೇಲೆ ಬೇಳೆ ಇಟ್ಟು ಬಂದವರಿಗೆ ಕೂಟ ಆರಂಭವಾಗುವ ಸಮಯಕ್ಕಿಂತ ಮುಗಿಯುವ ಸಮಯ ಮುಖ್ಯ. ಒಂದೆರಡು ಗೀತೆ, ವಾಕ್ಯಪಠಣ, ಅದರ ಮೇಲಿನ ಮಾತುಕತೆ, ಪ್ರಾರ್ಥನೆ, ಕೊನೆಯಲ್ಲಿ ಐದು ಹತ್ತು ನಿಮಿಷ ಸಂಘದ ಲೆಕ್ಕ ಮತ್ತು ಮುಂದಿನ ಕೆಲಸ ಎಂಬ ಕ್ರಮ ಸಾಕಾಗುತ್ತದೆ. ಹೊರಗಿನಿಂದ ಪ್ರಸಂಗಿಗಳನ್ನು ಕರೆಸುವುದನ್ನು ವರ್ಷಕ್ಕೆ ಎರಡು ಮೂರು ಸಲಕ್ಕೆ ಸೀಮಿತಗೊಳಿಸುವುದು ಲೇಸು, ಏಕೆಂದರೆ ಭಾನುವಾರ ಒಂದು ಪ್ರಸಂಗ ಕೇಳಿದವರಿಗೆ ವಾರದ ನಡುವೆ ಇನ್ನೊಂದು ಬೇಕಾಗಿರುವುದಿಲ್ಲ. ತಾವೇ ಮಾತಾಡುವ ಅವಕಾಶ ಬೇಕಾಗಿರುತ್ತದೆ.

ಸತ್ಯವೇದವನ್ನು ಸರದಿಯಂತೆ ಒಬ್ಬೊಬ್ಬರು ಒಂದೊಂದು ವಚನ ಓದುವ ಪದ್ಧತಿ ಅನೇಕ ಕಡೆ ಇದೆ. ಓದು ಬಾರದವರು, ಕನ್ನಡಕ ತರದೆ ಬಂದವರು, ತಡವರಿಸಿ ಓದುವವರು ತಮ್ಮ ಸರದಿ ಹತ್ತಿರ ಬಂದಂತೆ ಹೇಗೆ ಕುಗ್ಗುತ್ತಾರೆ ಎಂಬುದನ್ನು ಗಮನಿಸಿದವರು ಈ ಪದ್ಧತಿಯನ್ನು ಮುಂದುವರಿಸಲಾರರು. ಒಬ್ಬರು ನಿಧಾನವಾಗಿ, ಸ್ಪಷ್ಟವಾಗಿ ಎರಡು ಸಲ ಓದಲಿ. ಆಮೇಲೆ ಪುಸ್ತಕ ಮುಚ್ಚಿಟ್ಟು, ಕೇಳಿದವರಲ್ಲಿ ಒಬ್ಬರು ಅದೇ ಕಥೆಯನ್ನು ತಮ್ಮ ಮನೆಮಾತಿನಲ್ಲಿ ಹೇಳಲಿ, ಬಿಟ್ಟುಹೋದದ್ದನ್ನು ಉಳಿದವರು ಕೂಡಿಸಲಿ. ಧಾರವಾಡದ ಕಡೆಯ ಅಜ್ಜಿಯೊಬ್ಬರು ರೂತಳ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಲು ಕುಳಿತರೆ, ಹಕ್ಕಲು ತೆನೆ ಆಯುವುದೆಂದರೇನು ಎಂಬುದನ್ನು ಯಾವ ವ್ಯಾಖ್ಯಾನಗ್ರಂಥಕ್ಕಿಂತಲೂ ಚೆನ್ನಾಗಿ ಬಿಡಿಸುತ್ತಾರೆ.

ಪ್ರಶ್ನೆ ಕೇಳುವವರು ಬದುಕಿನಿಂದ ಆರಂಭಿಸಬೇಕು. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಸಮಾರ್ಯದ ಸ್ತ್ರೀಯ ಕಥೆಯನ್ನು ತೆಗೆದುಕೊಳ್ಳೋಣ. ಜೀವಜಲದ ಆತ್ಮಿಕ ಅರ್ಥವೇನು ಎಂದು ಕೇಳಿದರೆ ಚಿಕ್ಕಂದಿನಲ್ಲಿ ಭಾನುವಾರ ಶಾಲೆಯಲ್ಲಿ ಕಲಿತ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಈಕೆ ಏರು ಬಿಸಿಲಿನ ನಡುಹಗಲಿನಲ್ಲಿ ಒಬ್ಬಳೇ ನೀರಿಗೆ ಬಂದದ್ದೇಕೆ, ನಮ್ಮ ಬೀದಿಯಲ್ಲಿ ಬೋರ್‌ವೆಲ್ ಬಳಿಗೆ ಉಳಿದವರು ಹೋದ ಮೇಲೆ ಬರುವವರು ಯಾರು ಎಂದು ಕೇಳಿದರೆ ಒಂದು ಕ್ಷಣ ಮೌನ ಕವಿಯುತ್ತದೆ, ಆಮೇಲೆ ಹೆಸರು ಹೇಳದೆಯೇ ಮಾತು ಆರಂಭವಾಗುತ್ತದೆ. ಆದಿಕಾಂಡದ ಹಾಗರಳು, ಸಮುವೇಲನ ತಾಯಿ ಹನ್ನ, ಮಾರ್ಥ ಮತ್ತು ಮರಿಯರು, ತಂದೆಯ ಸ್ವಾಸ್ತ್ಯದಲ್ಲಿ ತಮಗೂ ಪಾಲು ಬೇಕೆಂದು ಮೋಶೆಯ ಮುಂದೆ ನಿಂತು ಕೇಳಿದ ಚಲ್ಪಹಾದನ ಐವರು ಹೆಣ್ಣುಮಕ್ಕಳು, ಯೊಪ್ಪದಲ್ಲಿ ವಿಧವೆಯರಿಗೆ ಅಂಗಿಗಳನ್ನು ಹೊಲಿದುಕೊಡುತ್ತಿದ್ದ ತಬಿಥ, ಹೀಗೆ ಇಡೀ ವರ್ಷಕ್ಕಾಗುವಷ್ಟು ವಾಕ್ಯಭಾಗಗಳಿವೆ. ಜ್ಞಾನೋಕ್ತಿಗಳ 31ನೆಯ ಅಧ್ಯಾಯದ ಗುಣವತಿಯಾದ ಸ್ತ್ರೀಯನ್ನು ಮಾತ್ರ ಸ್ವಲ್ಪ ಎಚ್ಚರದಿಂದ ಬಳಸಬೇಕು. ನಸುಕಿಗೆ ಎದ್ದು ನಡುರಾತ್ರಿಗೆ ಮಲಗುವವರ ಮುಂದೆ ಅದನ್ನು ಕರ್ತವ್ಯಗಳ ಪಟ್ಟಿಯಂತೆ ಓದುವವರು, ಆಕೆ ಹೊಲವನ್ನು ನೋಡಿ ತಾನೇ ಕೊಂಡುಕೊಂಡಳು ಎಂಬ ವಚನವನ್ನು ಹೇಗೋ ದಾಟಿಹೋಗುತ್ತಾರೆ.

ತಾಯಂದಿರ ಜೊತೆ ಬರುವ ಮಕ್ಕಳನ್ನು ನೋಡಿಕೊಳ್ಳಲು ಯಾವಾಗಲೂ ಇಬ್ಬರು ವಯಸ್ಕರು ಇರಬೇಕು, ಬಾಗಿಲು ತೆರೆದಿರಬೇಕು.

ಪ್ರಾರ್ಥನೆಯ ಕೋರಿಕೆ ಮತ್ತು ಬಾಯಿಯ ಬೀಗ

ಸ್ತ್ರೀಯರ ಕೂಟಗಳ ಮೇಲಿನ ನಂಬಿಕೆ ಕೆಡುವುದು ಹೆಚ್ಚಾಗಿ ಪ್ರಾರ್ಥನೆಯ ಮೂಲಕವೇ. ಇಂಥವರ ಮನೆಯ ಸಮಾಧಾನಕ್ಕಾಗಿ, ಇಂಥವರ ಮಗಳ ಒಳ್ಳೆಯ ನಡತೆಗಾಗಿ ಎಂದು ಗಟ್ಟಿಯಾಗಿ ಮಾಡಿದ ಪ್ರಾರ್ಥನೆ ಸಂಜೆಯೊಳಗೆ ಊರಿನ ಸುದ್ದಿಯಾಗುತ್ತದೆ. ಆದುದರಿಂದ ಮೂರು ನಿಯಮಗಳನ್ನು ಆರಂಭದಲ್ಲಿಯೇ ಎಲ್ಲರ ಒಪ್ಪಿಗೆಯಿಂದ ಮಾಡಿಕೊಳ್ಳಬೇಕು. ತಮ್ಮ ಕೋರಿಕೆಯನ್ನು ತಾವೇ ಹೇಳಬೇಕೇ ಹೊರತು ಇನ್ನೊಬ್ಬರ ಪರವಾಗಿ ಅವರಿಗೆ ತಿಳಿಯದಂತೆ ಹೇಳಬಾರದು. ಹೇಳಲು ಇಷ್ಟವಿಲ್ಲದವರು ಸುಮ್ಮನಿರಬಹುದು. ಕೂಟದಲ್ಲಿ ಕೇಳಿದ ಯಾವ ಮಾತೂ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಆ ಗುಂಪು ಕೂಟದ ದಿನ, ಸ್ಥಳ, ಯಾರದಾದರೂ ಮರಣದ ಸುದ್ದಿ ಇವುಗಳಿಗೆ ಮಾತ್ರ ಇರಲಿ. ಬೆಳಗಿನ ಹೂವಿನ ಚಿತ್ರಗಳನ್ನು ನಿಲ್ಲಿಸುವುದು ಯಾವ ಕಾರ್ಯದರ್ಶಿಯಿಂದಲೂ ಆಗದ ಕೆಲಸ ಎಂಬುದನ್ನು ಒಪ್ಪಿಕೊಳ್ಳೋಣ.

ಮನೆ ಭೇಟಿಯು ಹಿಂದಿನ ಮಿಷನ್ ಕಾಲದಿಂದ ಬಂದದ್ದು. ಬೈಬಲ್ ಸ್ತ್ರೀಯರು ಎಂದು ಕರೆಸಿಕೊಂಡ ಊರಿನ ಹೆಣ್ಣುಮಕ್ಕಳೇ ಮನೆಯ ಒಳಗಿನ ಹೆಂಗಸರಿಗೆ ವಾಕ್ಯ ಓದಿ ಹೇಳುತ್ತಿದ್ದರು. ಇಂದು ಈ ಕೆಲಸಕ್ಕೆ ಇಬ್ಬಿಬ್ಬರಂತೆ ಹೋಗುವುದು, ರೋಗಿಯ ಬಳಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರದಿರುವುದು, ನಮ್ಮ ಸಂಬಂಧಿಕರಿಗೂ ಇದೇ ಕಾಯಿಲೆ ಇತ್ತು ಎಂಬ ಕಥೆಯನ್ನು ಹೇಳದಿರುವುದು ಮುಖ್ಯ. ಮರಣವಾದ ಮನೆಗೆ ಮೊದಲ ವಾರ ಎಲ್ಲರೂ ಹೋಗುತ್ತಾರೆ, ಅಡುಗೆಯೂ ಹೋಗುತ್ತದೆ. ಸಂಘವು ಹೋಗಬೇಕಾದದ್ದು ಒಂದು ತಿಂಗಳಾದ ಮೇಲೆ, ಮೂರು ತಿಂಗಳಾದ ಮೇಲೆ, ಮತ್ತು ಆ ಮನೆಯ ಮೊದಲ ಕ್ರಿಸ್ಮಸ್‌ನಲ್ಲಿ. ಇದಕ್ಕಾಗಿ ನೋಟ್‌ಬುಕ್ಕಿನಲ್ಲಿ ಮರಣದ ದಿನದ ಮುಂದೆ ಈ ಮೂರು ದಿನಾಂಕಗಳನ್ನೂ ಅಂದೇ ಬರೆದಿಡಬೇಕು. ಮದುವೆ, ನಾಮಕರಣಗಳಲ್ಲಿ ವಿಧವೆಯರು ಹಿಂದಿನ ಸಾಲಿಗೆ ಸರಿಯುವ ರೂಢಿ ನಮ್ಮ ಸಭೆಗಳಲ್ಲಿಯೂ ಉಳಿದಿದೆ. ವಧುವಿಗಾಗಿ ಪ್ರಾರ್ಥನೆ ಮಾಡಲು ಅವರನ್ನೇ ಮುಂದೆ ಕರೆಯುವುದು ಸಂಘದ ಕೈಯಲ್ಲಿಯೇ ಇರುವ ಕೆಲಸ.

ಮನೆಯಲ್ಲಿ ಹೊಡೆತ ತಿನ್ನುವ ಸಹೋದರಿಯೊಬ್ಬಳು ಬಾಯಿ ಬಿಟ್ಟಾಗ, ಸಹಿಸಿಕೋ, ಪ್ರಾರ್ಥಿಸು ಎಂದು ಹೇಳಿ ಕಳುಹಿಸಬಾರದು. ಆಕೆಯ ಮಾತನ್ನು ನಂಬಬೇಕು, ಆ ರಾತ್ರಿ ಆಕೆ ಎಲ್ಲಿರುತ್ತಾಳೆ ಎಂಬುದನ್ನು ಮೊದಲು ವಿಚಾರಿಸಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆಯ ಆದೇಶವನ್ನೂ ವಾಸಕ್ಕೆ ಮನೆಯ ಹಕ್ಕನ್ನೂ ಕೇಳಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181 ಇದೆ. ಸಂಘದ ಹಿರಿಯರು ಗಂಡನನ್ನು ಕರೆಸಿ ರಾಜಿ ಮಾಡಿಸುವ ಅವಸರಕ್ಕೆ ಬಿದ್ದರೆ ಆಕೆಗೆ ಮನೆಯಲ್ಲಿ ಇನ್ನೊಂದು ಪೆಟ್ಟು ಖಚಿತ.

ಕಾನೂನಿನ ತಿಳಿವಳಿಕೆಗೆ ವರ್ಷದಲ್ಲಿ ಒಂದು ಕೂಟವನ್ನು ಮೀಸಲಿಡಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಸ್ತ್ರೀಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಪತ್ರ ಬರೆದು ವಕೀಲರೊಬ್ಬರನ್ನು ಕಳುಹಿಸುವಂತೆ ಕೇಳಬಹುದು. ಗಂಡ ವಿಲ್ ಬರೆಯದೆ ತೀರಿಕೊಂಡರೆ, ಮಕ್ಕಳಿರುವಾಗ ಹೆಂಡತಿಗೆ ಆಸ್ತಿಯ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಎಂದು ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಚಲ್ಪಹಾದನ ಹೆಣ್ಣುಮಕ್ಕಳ ಭಾಗವನ್ನು ಓದಿದ ವಾರವೇ ಇದನ್ನು ಇಟ್ಟುಕೊಂಡರೆ ಯಾರೂ ಆಕಳಿಸುವುದಿಲ್ಲ.

ಹಣ

ಯೇಸುವಿನ ಸಂಗಡ ಹೋಗುತ್ತಿದ್ದ ಮಗ್ದಲದ ಮರಿಯಳು, ಯೋಹಾನಳು, ಸುಸನ್ನಳು ತಮ್ಮ ಸ್ವಂತ ಆಸ್ತಿಯಿಂದ ಉಪಚಾರ ಮಾಡುತ್ತಿದ್ದರು ಎಂದು ಲೂಕನ ಎಂಟನೆಯ ಅಧ್ಯಾಯದಲ್ಲಿದೆ. ಸ್ತ್ರೀಯರ ಸಂಘವು ತಾನು ಕೂಡಿಸಿದ ಹಣವನ್ನು ತಾನೇ ತೀರ್ಮಾನಿಸಿ ಖರ್ಚು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಡ. ಸುಗ್ಗಿ ಹಬ್ಬದ ಹರಾಜಿಗಾಗಿ ಉಪ್ಪಿನಕಾಯಿ, ಚಕ್ಕುಲಿ, ಕಸೂತಿ ಮಾಡಿದವರು ಸ್ತ್ರೀಯರು. ಬಂದ ಹಣ ಕಾಂಪೌಂಡ್ ಗೋಡೆಗೆ ಹೋಗಲೆಂದು ನಿರ್ಧರಿಸಿದ್ದು ಸಭಾ ಸಮಿತಿ. ಹಬ್ಬಕ್ಕೆ ಮೊದಲೇ ಸಮಿತಿಗೆ ಪತ್ರ ಕೊಟ್ಟು, ಎಷ್ಟು ಭಾಗ ಸಂಘದ ನಿಧಿಗೆ ಉಳಿಯುತ್ತದೆ ಎಂಬುದನ್ನು ನಡವಳಿಯಲ್ಲಿ ಬರೆಸಿಕೊಳ್ಳುವುದು ಹಬ್ಬದ ನಂತರ ಬೇಸರಪಡುವುದಕ್ಕಿಂತ ಮೇಲು.

ನಿಧಿ ಬೆಳೆಸಲು ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ ಸ್ತ್ರೀಯರು 1910ರಲ್ಲಿ ಆರಂಭಿಸಿದ ಹಿಡಿ ಅಕ್ಕಿಯ ಪದ್ಧತಿಯು ನಮ್ಮಲ್ಲಿಯೂ ನಡೆಯುತ್ತದೆ. ಪ್ರತಿ ಸಲ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು, ಉತ್ತರ ಕರ್ನಾಟಕವಾದರೆ ಜೋಳವನ್ನು, ಡಬ್ಬಿಯಲ್ಲಿ ತೆಗೆದಿಟ್ಟು ತಿಂಗಳ ಕೂಟಕ್ಕೆ ತರುವುದು. ಇದರ ಹೆಚ್ಚುಗಾರಿಕೆ ಏನೆಂದರೆ, ಕೈಯಲ್ಲಿ ಕಾಸಿಲ್ಲದ ಹೆಂಗಸೂ ಗಂಡನನ್ನು ಕೇಳದೆ ಕೊಡಬಹುದು. ಬಂದ ಧಾನ್ಯವನ್ನು ಸಭೆಯೊಳಗಿನ ಬಡ ಮನೆಗೆ ಕೊಡುವಾಗ ಭಾನುವಾರ ಎಲ್ಲರೆದುರು ಕೊಟ್ಟು ಫೋಟೋ ತೆಗೆಸುವ ಅಭ್ಯಾಸವನ್ನು ಬಿಡಬೇಕು. ಅನ್ಯಧರ್ಮದ ನೆರೆಯವರಿಗೆ ಕೊಡುವಾಗ ಅದನ್ನು ನೆರೆಹೊರೆಯ ಸಹಾಯವಾಗಿಯೇ ಕೊಡಬೇಕು. ಅದರ ಜೊತೆ ಕರಪತ್ರ ಇಡುವುದು ಸಹಾಯಕ್ಕೂ ಸಾಕ್ಷಿಗೂ ಕೇಡು.

ಸಂಘದೊಳಗೆ ಉಳಿತಾಯ ಗುಂಪು ಬೇಕೆಂದು ಕೆಲವರು ಕೇಳುತ್ತಾರೆ. ಸ್ವಸಹಾಯ ಗುಂಪುಗಳಿಗೆ ಹತ್ತರಿಂದ ಇಪ್ಪತ್ತು ಸದಸ್ಯೆಯರು ಎಂಬ ಕ್ರಮವಿದೆ, ಬ್ಯಾಂಕ್ ಸಾಲವೂ ಸಿಗುತ್ತದೆ. ಇದು ಒಳ್ಳೆಯದೇ ಆದರೂ ಅದರ ಪುಸ್ತಕ, ಖಾತೆ, ಸಭೆಯ ದಿನ ಎಲ್ಲವೂ ಪ್ರಾರ್ಥನಾ ಕೂಟದಿಂದ ಬೇರೆಯಾಗಿರಬೇಕು. ಕಂತು ಕಟ್ಟಲಾರದವಳು ಪ್ರಾರ್ಥನೆಗೂ ಬರಲು ನಾಚುವಂತೆ ಆಗಕೂಡದು.

ವರ್ಷದ ದೊಡ್ಡ ದಿನಗಳು

ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ಪ್ರತಿ ವರ್ಷ ಬೇರೆ ಬೇರೆ ದೇಶದ ಸ್ತ್ರೀಯರು ಇದರ ಆರಾಧನಾ ಕ್ರಮವನ್ನು ಸಿದ್ಧಪಡಿಸುತ್ತಾರೆ. 2025ರದನ್ನು ಕುಕ್ ದ್ವೀಪಗಳವರು, 2026ರದನ್ನು ನೈಜೀರಿಯಾದವರು ಬರೆದರು. ಅಂದು ಕ್ರಮವನ್ನು ಓದಿ ಮುಗಿಸುವುದರ ಬದಲು, ಜನವರಿಯಿಂದಲೇ ಆ ದೇಶದ ಹೆಂಗಸರ ಬದುಕನ್ನು ಒಂದೊಂದು ಕೂಟದಲ್ಲಿ ಸ್ವಲ್ಪ ಸ್ವಲ್ಪ ಪರಿಚಯಿಸಿ, ಊರಿನಲ್ಲಿರುವ ಕಥೋಲಿಕ, ಮೆಥೋಡಿಸ್ಟ್, ಮಾರ್ಥೋಮ ಸಭೆಗಳ ಸ್ತ್ರೀಯರನ್ನೂ ಸೇರಿಸಿಕೊಂಡು ನಡೆಸಿದರೆ ದಿನಕ್ಕೊಂದು ತೂಕ ಬರುತ್ತದೆ. ಜಿಲ್ಲಾ ಮಟ್ಟದ ಸಮ್ಮೇಳನಕ್ಕೆ ಅಥವಾ ಒಂದು ದಿನದ ಧ್ಯಾನಕೂಟಕ್ಕೆ ಹೋಗಲು 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವು ದೊಡ್ಡ ಅನುಕೂಲ. ವ್ಯಾನ್ ಬಾಡಿಗೆಗೆ ಚಂದಾ ಎತ್ತಬೇಕಾಗಿಲ್ಲ. ಎಲ್ಲರೂ ಗುರುತಿನ ಚೀಟಿ ತಂದಿದ್ದಾರೆಯೇ ಎಂದು ಬಸ್ ನಿಲ್ದಾಣದಲ್ಲಿ ಒಮ್ಮೆ ನೋಡಿಕೊಂಡರಾಯಿತು.

ಸಂಘವು ಸಭೆಯ ಊಟದ ಹೊಣೆ ಹೊರುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ಹಬ್ಬದ ದಿನ ಪಾತ್ರೆ ತೊಳೆಯುವ ಪಟ್ಟಿಯಲ್ಲಿ ಗಂಡಸರ ಹೆಸರೂ ಇರಲಿ, ಅಡುಗೆಯವರು ಆರಾಧನೆಯನ್ನು ತಪ್ಪಿಸಿಕೊಳ್ಳದಂತೆ ಸಮಯ ಹೊಂದಿಸಲಿ.

ಹೊಣೆಯ ಹಸ್ತಾಂತರ

ಸಭಾಪಾಲಕರ ಪತ್ನಿಯೇ ಸಂಘದ ಅಧ್ಯಕ್ಷೆಯಾಗುವ ರೂಢಿ ಹಲವು ಕಡೆ ಇದೆ. ಅಮ್ಮನವರು ಎಷ್ಟೇ ಸಮರ್ಥರಾಗಿದ್ದರೂ ಕೆಲವು ವರ್ಷಗಳಲ್ಲಿ ಸಭಾಪಾಲಕರಿಗೆ ವರ್ಗಾವಣೆಯಾಗುತ್ತದೆ, ಲಾರಿಯಲ್ಲಿ ಅವರ ಸಾಮಾನಿನ ಜೊತೆ ಸಂಘದ ಅನುಭವವೂ ಹೊರಟುಹೋಗುತ್ತದೆ. ಅವರು ಉದ್ಯೋಗದಲ್ಲಿರುವವರಾದರೆ ಈ ಹೊಣೆ ಅವರ ಮೇಲೆ ಅನ್ಯಾಯವೂ ಹೌದು. ರೂಢಿಯನ್ನು ಮುರಿಯಲಾಗದಿದ್ದರೆ ಅವರನ್ನು ಗೌರವಾಧ್ಯಕ್ಷೆಯಾಗಿಟ್ಟುಕೊಂಡು, ಕಾರ್ಯದರ್ಶಿ ಮತ್ತು ಖಜಾಂಚಿಯರನ್ನು ಊರಿನವರಿಂದಲೇ ಆರಿಸಬೇಕು. ಎರಡು ವರ್ಷದ ಅವಧಿ, ಒಬ್ಬರಿಗೆ ಸತತವಾಗಿ ಎರಡು ಅವಧಿಗಿಂತ ಹೆಚ್ಚಿಲ್ಲ ಎಂಬ ನಿಯಮ ಸಾಕು. ಪ್ರತಿ ಪದಾಧಿಕಾರಿಯ ಜೊತೆ ಮೂವತ್ತೈದರ ಒಳಗಿನ ಒಬ್ಬರನ್ನು ಸಹಾಯಕಿಯಾಗಿ ಹಾಕಿ, ಲೆಕ್ಕ ಬರೆಯುವುದನ್ನೂ ಕೂಟ ನಡೆಸುವುದನ್ನೂ ಅವರಿಂದ ಮಾಡಿಸಬೇಕು.

ಅವಧಿ ಮುಗಿದಾಗ ಬ್ಯಾಂಕ್ ಪಾಸ್‌ಬುಕ್, ರಸೀದಿ ಪುಸ್ತಕ, ನಡವಳಿ ಪುಸ್ತಕ, ಭೇಟಿಯ ನೋಟ್‌ಬುಕ್ ಮತ್ತು ಸಂಘದ ಪಾತ್ರೆಗಳ ಪಟ್ಟಿಯನ್ನು ತಿಂಗಳ ಕೂಟದಲ್ಲಿ ಎಲ್ಲರ ಮುಂದೆ ಎಣಿಸಿ ಒಪ್ಪಿಸಿ, ಇಬ್ಬರೂ ಸಹಿ ಹಾಕಬೇಕು. ಬ್ಯಾಂಕಿನಲ್ಲಿ ಹಳೆಯ ಸಹಿಗಳನ್ನು ಬದಲಾಯಿಸುವ ಅರ್ಜಿಯನ್ನು ಅದೇ ವಾರ ಕೊಡಬೇಕು, ಏಕೆಂದರೆ ಮಗಳ ಮನೆಗೆಂದು ಹುಬ್ಬಳ್ಳಿಗೆ ಹೋದ ಹಳೆಯ ಖಜಾಂಚಿ ಮತ್ತೆ ಯಾವಾಗ ಬರುತ್ತಾರೋ ಹೇಳಲಾಗದು.