ಬಂಗಾಳಿಗಳ ಎಲಚಿ ಹಣ್ಣಿನ ಆಚಾರ್: ಪಾಕದ ಹತ್ರ ಅವಸರ ಬೇಡ

ಬಂಗಾಳದಲ್ಲಿ ಎಲಚಿ ಹಣ್ಣಿಗೆ ಕುಲ್ ಅಂತಾರೆ. ಸರಸ್ವತಿ ಪೂಜೆ, ಅಂದ್ರೆ ವಸಂತ ಪಂಚಮಿ ಮುಗಿಯೋವರೆಗೂ ಅದನ್ನ ಬಾಯಿಗೆ ಹಾಕೋ ಹಾಗಿಲ್ಲ, ತಿಂದ್ರೆ ಪರೀಕ್ಷೇಲಿ ಫೇಲು ಅಂತ ಮಕ್ಕಳನ್ನ ಹೆದರಿಸ್ತಾರೆ. ಪೂಜೆ ಆಯ್ತು ಅಂದ್ರೆ ತಾರಸಿ ಮೇಲೆ ಹಣ್ಣು ಒಣಗಕ್ಕೆ ಬೀಳುತ್ತೆ. ಅದರಲ್ಲಿ ಮಾಡೋ ಕುಲೇರ್ ಆಚಾರ್ ನಮ್ಮ ಉಪ್ಪಿನಕಾಯಿ ಲೆಕ್ಕದಲ್ಲಿ ಬರಲ್ಲ, ಮೊದಲು ಸಿಹಿ, ಆಮೇಲೆ ಹುಳಿ, ಖಾರ ಕೊನೇಲಿ ಸಣ್ಣಗೆ. ನಮ್ಮೋರು ವೀಡಿಯೊ ನೋಡ್ಕೊಂಡು ಮಾಡಕ್ಕೆ ಹೋಗಿ ಒಂದೋ ಚಮಚ ಇಳಿಯದಷ್ಟು ಗಟ್ಟಿ ಮಾಡ್ತಾರೆ, ಇಲ್ಲಾ ತಿಂಗಳೊಳಗೆ ಬೂಷ್ಟು ಹಿಡಿಸ್ತಾರೆ, ಅದಕ್ಕೇ ಇಷ್ಟು ಬರೀತಿರೋದು.

ಹಣ್ಣು ಆರಿಸೋದ್ರಿಂದ ಶುರು. ಸಣ್ಣಗೆ ಗುಂಡಗಿರೋ ಹುಳಿ ಹಣ್ಣೇ ಬೇಕು, ಅಲ್ಲಿ ಅದನ್ನ ಟೋಪಾ ಕುಲ್ ಅಂತಾರೆ. ಉದ್ದಕ್ಕಿರೋ ನಾರ್ಕೇಲ್ ಕುಲ್ ಹಾಗೇ ತಿನ್ನಕ್ಕೆ ಚೆನ್ನಾಗಿರುತ್ತೆ, ಆಚಾರಿಗೆ ಅಲ್ಲ. ಈಗ ಮಾಲ್‌ಗಳಲ್ಲಿ ಸಿಗೋ ದಪ್ಪ ಆ್ಯಪಲ್ ಬೋರೆನಂತೂ ಮುಟ್ಲೇಬೇಡಿ, ಬರೀ ನೀರು. ಕೆಂಪಗೆ ಹಣ್ಣಾಗಿರೋದನ್ನ ಚರ್ಮ ಸುಕ್ಕಾಗೋವರೆಗೂ ಬಿಸಿಲಲ್ಲಿ ಒಣಗಿಸಿ, ತೊಳೆದು, ತೇವ ಹೋಗೋ ಹಾಗೆ ಮತ್ತೆ ಒಂದು ದಿನ ಬಿಸಿಲಿಗಿಟ್ಟು, ಒಂದೊಂದನ್ನೂ ಗುಂಡುಕಲ್ಲಲ್ಲಿ ಲೈಟಾಗಿ ಒತ್ತಿ ಬಿರುಕು ಬಿಡಿಸಿ. ಬೀಜ ಒಡೀಬಾರದು. ಹುಳ ಇದ್ರೆ ಇಲ್ಲೇ ಗೊತ್ತಾಗೋದು.

ಮಸಾಲೆ ಸುಲಭ. ಪಾಂಚ್ ಫೋಡನ್ ಅಂದ್ರೆ ಮೆಂತ್ಯ, ಜೀರಿಗೆ, ಸೋಂಪು, ಕಲೋಂಜಿ, ಸಾಸಿವೆ ಐದೂ ಇಡಿ ಕಾಳು, ಹಳೇ ಮನೆಗಳಲ್ಲಿ ಸಾಸಿವೆ ಜಾಗಕ್ಕೆ ರಾಧುನಿ, ಅಂದ್ರೆ ಓಮದ ಥರ ಕಾಣೋ ಒಂದು ಸಣ್ಣ ಕಾಳು, ಹಾಕೋರೂ ಇದ್ದಾರೆ. ಎರಡು ಚಮಚ ಪಾಂಚ್ ಫೋಡನ್ ಜೊತೆ ಐದಾರು ಒಣಮೆಣಸಿನಕಾಯಿ ಸಣ್ಣ ಉರೀಲಿ ಹುರಿದು ತರಿತರಿ ಕುಟ್ಕೊಳ್ಳಿ. ರೆಡಿ ಪ್ಯಾಕೆಟ್ ತರೋ ಬದಲು ಮನೇಲೇ ಬೆರೆಸಿ, ಪ್ಯಾಕೆಟ್‌ನಲ್ಲಿ ಅಗ್ಗ ಅಂತ ಮೆಂತ್ಯನೇ ಜಾಸ್ತಿ ತುಂಬಿರ್ತಾರೆ, ಆಚಾರ್ ಕಹಿಯಾಗುತ್ತೆ.

ಈಗ ಪಾಕ, ಎಲ್ರೂ ಎಡವೋದು ಇಲ್ಲೇ. ಅರ್ಧ ಕೆಜಿ ಒಣ ಹಣ್ಣಿಗೆ 600 ಗ್ರಾಂ ಬೆಲ್ಲ. ಚಳಿಗಾಲದ ಖರ್ಜೂರದ ಬೆಲ್ಲ ಸಿಕ್ಕಿದ್ರೆ ಅದರ ಘಮವೇ ಬೇರೆ, ಇಲ್ದಿದ್ರೆ ಕಪ್ಪಗಿರೋ ಕಬ್ಬಿನ ಬೆಲ್ಲ, ಸಕ್ಕರೆ ಮಾತ್ರ ಬೇಡ್ವೇ ಬೇಡ. ಬೆಲ್ಲನ ಒಂದೂವರೆ ಲೋಟ ನೀರಲ್ಲಿ ಕರಗಿಸಿ ಸೋಸಿ, ತಳದಲ್ಲಿ ಮರಳು ಇದ್ದೇ ಇರುತ್ತೆ. ದಪ್ಪ ತಳದ ಸ್ಟೀಲ್ ಬಾಣಲೆ ತಗೊಳ್ಳಿ, ಹುಳಿ ಜೊತೆ ಅಲ್ಯೂಮಿನಿಯಂ ಆಗಲ್ಲ. ನಾಲ್ಕು ಚಮಚ ಸಾಸಿವೆ ಎಣ್ಣೆ ಹೊಗೆ ಬರೋವರೆಗೂ ಕಾಯಿಸಿ, ಒಲೆ ಆರಿಸಿ ಒಂದು ನಿಮಿಷ ಬಿಟ್ಟು, ಅರ್ಧ ಚಮಚ ಇಡಿ ಪಾಂಚ್ ಫೋಡನ್ ಹಾಕಿ. ಹೊಗೆಯಾಡ್ತಿರೋ ಎಣ್ಣೆಗೇ ಹಾಕಿದ್ರೆ ಮೆಂತ್ಯ ಸೀದು ಹೋಗುತ್ತೆ. (2021ರಿಂದ ಸಾಸಿವೆ ಎಣ್ಣೆಗೆ ಬೇರೆ ಎಣ್ಣೆ ಬೆರೆಸಿ ಮಾರೋ ಹಾಗಿಲ್ಲ, ಆದ್ರೂ ಮೂಗಿಗೆ ಘಾಟು ಹೊಡೀದಿದ್ರೆ ಆ ಬಾಟಲಿ ವಾಪಸ್ ಕೊಡಿ.)

ಬೆಲ್ಲದ ನೀರು, ಹಣ್ಣು, ಎರಡು ಚಮಚ ಉಪ್ಪು, ಚಿಟಿಕೆ ಅರಿಶಿನ, ಎಲ್ಲ ಒಟ್ಟಿಗೆ ಹಾಕಿ. ನೀರು ಇನ್ನೂ ತೆಳ್ಳಗಿರೋವಾಗಲೇ ಹಣ್ಣು ಬೀಳಬೇಕು, ಬಿರುಕಿನೊಳಗೆ ನೀರು ಇಳಿದು ಅದು ಉಬ್ಬಿ ಮೆತ್ತಗಾಗುತ್ತೆ. ಪಾಕ ಮೊದಲೇ ಗಟ್ಟಿ ಮಾಡ್ಕೊಂಡು ಆಮೇಲೆ ಹಾಕಿದ್ರೆ ಬೆಲ್ಲ ಹಣ್ಣಲ್ಲಿರೋ ನೀರನ್ನೂ ಎಳ್ಕೊಂಡು ಚರ್ಮ ಚಪ್ಪಲಿ ತೊಗಲಿನ ಥರ ಆಗುತ್ತೆ, ಆಮೇಲೆ ಎಷ್ಟು ಕುದಿಸಿದ್ರೂ ಮೆತ್ತಗಾಗಲ್ಲ. ಸಣ್ಣ ಉರಿ, ಆಗಾಗ ತಿರುವ್ತಾ ಇರಿ, ಮೊದಲು ದೊಡ್ಡ ಬಿಳೀ ಗುಳ್ಳೆ ಬರುತ್ತೆ, ಆಮೇಲೆ ಗುಳ್ಳೆ ಚಿಕ್ಕದಾಗಿ ನಿಧಾನ ಆಗಿ ಲೊಚ್ ಲೊಚ್ ಅನ್ನಕ್ಕೆ ಶುರು ಆಗುತ್ತೆ, ಆಗ ಒಲೆ ಬಿಟ್ಟು ಅಲ್ಲಾಡ್ಬೇಡಿ. ಎಳ್ಳುಂಡೆಗೆ ನೋಡೋ ಹಾಗೆ ನೀರಿಗೆ ಬಿಟ್ಟು ಉಂಡೆ ಕಟ್ಟುತ್ತಾ ಅಂತ ನೋಡೋದು ಬೇಡ, ಅಷ್ಟು ಹೊತ್ತಿಗೆ ಕಥೆ ಮುಗಿದಿರುತ್ತೆ. ತಟ್ಟೆ ಮೇಲೆ ಒಂದು ಹನಿ ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ತಟ್ಟೆ ಓರೆ ಮಾಡಿ, ಹನಿ ಹರಿಯದೆ ಮೆಲ್ಲಗೆ ಜಾರಿದ್ರೆ ಸಾಕು, ಇಳಿಸಿ. ಬಾಣಲೇಲಿ ಇನ್ನೂ ತೆಳು ಅಂತಲೇ ಕಾಣುತ್ತೆ, ಕಾಣಲಿ ಬಿಡಿ, ಆರಿದ ಮೇಲೆ ಗಟ್ಟಿಯಾಗುತ್ತೆ. ಕುಟ್ಟಿದ ಮಸಾಲೆ ಇಳಿಸಿದ ಮೇಲೇನೆ.

ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಜಾಡಿಗೆ ತುಂಬಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಿ, ರಾತ್ರಿ ಒಳಗೆ ತಗೊಳ್ಳಿ. ವಿನೆಗರ್ ಹಾಕಿದ್ರೆ ಬಿಸಿಲು ಬೇಡ ಅನ್ನೋ ಶಾರ್ಟ್‌ಕಟ್ ನಂಗೆ ಸುತಾರಾಂ ಇಷ್ಟ ಇಲ್ಲ, ರುಚಿ ಅಂಗಡಿ ಬಾಟಲಿದೇ ಆಗುತ್ತೆ.

ತಿನ್ನೋದು ಹೇಗೆ? ಮಳೆ ದಿನ ಬಂಗಾಳಿಗಳು ಬಿಸಿ ಖಿಚುಡಿ ಪಕ್ಕ ಬಡಿಸ್ಕೋತಾರೆ, ಸಂಜೆ ಮಂಡಕ್ಕಿಗೆ ಆ ರಸ ಒಂಚೂರು ಕಲಸಿದ್ರೂ ಮಜಾ. ಆದ್ರೆ ನನ್ನ ಕೇಳಿದ್ರೆ ಮಧ್ಯಾಹ್ನ ಊಟ ಆದ ಮೇಲೆ ಬಟ್ಟಲಲ್ಲಿ ನಾಲ್ಕು ಹಾಕ್ಕೊಂಡು ಬೆರಳಲ್ಲೇ ತಿನ್ನಿ, ಬೀಜನ ಪೂರ್ತಿ ಚೀಪಿ ಉಗೀರಿ. ಜಾಡಿಗೆ ಮಾತ್ರ ಆ ಬೆರಳು ಹಾಕ್ಬೇಡಿ.