ಷಾಂಪೇನ್ ಬಾಟಲಿ: ಆರಿಸುವುದು, ತಣಿಸುವುದು, ತೆರೆಯುವುದು

ಷಾಂಪೇನ್ ಬಾಟಲಿಯೊಳಗಿನ ಒತ್ತಡ ಕಾರಿನ ಟೈರಿನಲ್ಲಿರುವುದರ ಎರಡು ಪಟ್ಟಿಗಿಂತಲೂ ಹೆಚ್ಚು, ಸುಮಾರು 6 ಬಾರ್. ಬಾಟಲಿ ಕೈಗೆತ್ತಿಕೊಂಡಾಗಲೆಲ್ಲ ಇದು ನೆನಪಿರಲಿ.

ಪ್ಯಾರಿಸ್ಸಿನ ಈಶಾನ್ಯಕ್ಕೆ, ರಾನ್ಸ್ ಮತ್ತು ಎಪರ್ನೆ ಪಟ್ಟಣಗಳ ಸುತ್ತ ಹರಡಿರುವ ಷಾಂಪೇನ್ ಸೀಮೆ ಚಳಿಯ ನಾಡು, ಸೀಮೆಸುಣ್ಣದ ನೆಲ. ದ್ರಾಕ್ಷಿ ಅಲ್ಲಿ ಹುಳಿಯನ್ನು ಬಿಟ್ಟುಕೊಡದೆ ಮಾಗುತ್ತದೆ. ಮುಖ್ಯ ತಳಿಗಳು ಮೂರು: ಶಾರ್ಡೊನೆ, ಪಿನೋ ನ್ವಾರ್, ಮ್ಯುನಿಯೆ. ಕೊನೆಯ ಎರಡೂ ಕಪ್ಪು ದ್ರಾಕ್ಷಿ. ಆದರೂ ವೈನ್ ಬೆಳ್ಳಗಿರಲು ಕಾರಣ, ಕೈಯಲ್ಲೇ ಕೊಯ್ದ ಗೊಂಚಲನ್ನು ಸಿಪ್ಪೆಯ ಬಣ್ಣ ಇಳಿಯದಂತೆ ಮೆಲ್ಲಗೆ ಹಿಂಡುವುದು. 4000 ಕಿಲೋ ಹಣ್ಣಿನಿಂದ 2550 ಲೀಟರಿಗಿಂತ ಹೆಚ್ಚು ರಸ ತೆಗೆಯುವಂತಿಲ್ಲ.

ಹುದುಗಿ ತಯಾರಾದ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಬೆರೆಸಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಎರಡನೆಯ ಸಲ ಹುದುಗುವಾಗ ಹುಟ್ಟುವ ಅನಿಲಕ್ಕೆ ಹೊರದಾರಿಯಿಲ್ಲ, ವೈನಿನಲ್ಲೇ ಕರಗುತ್ತದೆ. ಸತ್ತ ಯೀಸ್ಟಿನ ಗಷ್ಟು ಕುತ್ತಿಗೆಗೆ ಇಳಿಯುವಂತೆ ಬಾಟಲಿಯನ್ನು ದಿನದಿನಕ್ಕೆ ತಿರುಗಿಸಿ ತಲೆಕೆಳಗು ಮಾಡಿ, ಕತ್ತನ್ನು ಹೆಪ್ಪುಗಟ್ಟಿಸಿ, ಮುಚ್ಚಳ ತೆಗೆದು ಗಷ್ಟನ್ನು ಹೊರಹಾಕುತ್ತಾರೆ. ಸಿಹಿ ಎಷ್ಟಿರಬೇಕೆಂದು ತೀರ್ಮಾನವಾಗುವುದು ಆಮೇಲೆ, ಬೆರೆಸುವ ಸಕ್ಕರೆಯಿಂದ.

ಹಾಗಾಗಿ ಲೇಬಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಸಿಹಿಯ ಪದ. 'ಬ್ರೂಟ್' ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. 'ಎಕ್ಸ್‌ಟ್ರಾ ಡ್ರೈ' ಹೆಸರು ನಂಬಿ ಮೋಸಹೋಗುವವರು ಬಹಳ: ಅದರಲ್ಲಿ 12ರಿಂದ 17 ಗ್ರಾಂ, ಅಂದರೆ ಬ್ರೂಟ್‌ಗಿಂತ ಸಿಹಿ. 'ಡೆಮಿ ಸೆಕ್' 32ರಿಂದ 50 ಗ್ರಾಂ. ಸಿಹಿತಿಂಡಿಯ ಜೊತೆಗೆ ಇದೇ ಸರಿ. ಬ್ರೂಟ್ ಕೊಟ್ಟರೆ ಬರೀ ಹುಳಿಯೆನಿಸುತ್ತದೆ. ಬ್ರೂಟ್‌ಗೆ ಉಪ್ಪುಪ್ಪಾದ, ಗರಿಗರಿಯಾದ ಕರಿದ ತಿಂಡಿ ಬಲು ಚೆನ್ನ. ಇನ್ನು ಮೂಲೆಯ ಸಣ್ಣಕ್ಷರ: 'ಆರ್‌ಎಂ' ಎಂದಿದ್ದರೆ ಬೆಳೆಗಾರರೇ ತಮ್ಮ ದ್ರಾಕ್ಷಿಯಿಂದ ಮಾಡಿದ್ದು, 'ಎನ್‌ಎಂ' ಎಂದಿದ್ದರೆ ದ್ರಾಕ್ಷಿ ಕೊಂಡೂ ತಯಾರಿಸುವ ಸಂಸ್ಥೆಯದು.

ತಂದ ಬಾಟಲಿಯನ್ನು ಕತ್ತಲಲ್ಲಿ, ತಂಪಾದೆಡೆ ಇಡಿ. ಬೆಳಕು ತಗುಲಿದರೆ ವಾಸನೆ ಕೆಡುತ್ತದೆ, ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ಇನ್ನೂ ಬೇಗ. ಕುಡಿಯುವಾಗ 8ರಿಂದ 10 ಡಿಗ್ರಿ ಇರಬೇಕು. ಫ್ರಿಜ್ಜಿನಲ್ಲಾದರೆ ನಾಲ್ಕು ಗಂಟೆ ಸಾಕು. ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು ಹಾಕಿ ಅರ್ಧ ಗಂಟೆ ಮುಳುಗಿಸಿಡಿ. ಬರೀ ಐಸು ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುವುದರಿಂದ ತಣಿಯುವುದು ನಿಧಾನ. ಫ್ರೀಜರಿಗೆ ಹಾಕಿ ಮರೆತರೆ ಬಾಟಲಿ ಒಡೆಯಬಹುದು.

ತೆರೆಯುವಾಗ ಮೇಲಿನ ಹಾಳೆ ಸುಲಿದು, ಒದ್ದೆ ಒರೆಸಿ, ಬಿರಡೆಯ ಮೇಲೆ ಹೆಬ್ಬೆರಳು ಊರಿ. ತಂತಿಯ ಕುಣಿಕೆಯನ್ನು ಆರು ಅರೆಸುತ್ತು ಬಿಚ್ಚಿದರೆ ಬಲೆ ಸಡಿಲವಾಗುತ್ತದೆ. ಅದನ್ನು ತೆಗೆಯಬೇಡಿ, ಬಿರಡೆಯ ಜೊತೆಗೇ ಬರಲಿ. ಈ ಗಳಿಗೆಯಿಂದ ಹೆಬ್ಬೆರಳು ಕದಲಕೂಡದು. ಹಾರಿದ ಬಿರಡೆ ಕಣ್ಣು ಕಳೆಯಬಲ್ಲದು. ಯಾರೂ ಇಲ್ಲದ ಕಡೆಗೆ ಬಾಟಲಿಯನ್ನು 45 ಡಿಗ್ರಿ ಓರೆಮಾಡಿ, ಒಂದು ಕೈಯಲ್ಲಿ ಬಿರಡೆಯನ್ನು ಬಿಗಿಹಿಡಿದು ಇನ್ನೊಂದರಲ್ಲಿ ಬಾಟಲಿಯ ಬುಡ ತಿರುಗಿಸಿ. ಬಿರಡೆ ತಾನೇ ಮೇಲೇಳತೊಡಗಿದಾಗ ಎಳೆಯಬೇಡಿ, ಒತ್ತಿಹಿಡಿದು ಇಂಚಿಂಚಾಗಿ ಬಿಡಿ. ಕೇಳಬೇಕಾದದ್ದು 'ಢಬ್' ಅಲ್ಲ, 'ಉಸ್'. ನೊರೆ ಉಕ್ಕಿದರೆ ಬಾಟಲಿ ಬೆಚ್ಚಗಿತ್ತು, ಇಲ್ಲವೇ ಅಲುಗಾಡಿತ್ತು. ಬಿರಡೆ ಜಪ್ಪಯ್ಯ ಎಂದರೂ ಕದಲದಿದ್ದರೂ ಸ್ಕ್ರೂ ಚುಚ್ಚುವುದು ಅಪಾಯ.

ಲೋಟಕ್ಕೆ ಮೊದಲು ಎರಡು ಬೆರಳಷ್ಟು ಹಾಕಿ, ನೊರೆ ಇಳಿದ ಮೇಲೆ ಮೂರರಲ್ಲಿ ಎರಡು ಪಾಲು ತುಂಬಿಸಿ. ಲೋಟ ಓರೆಮಾಡಿ ಹುಯ್ದರೆ ಅನಿಲ ಹೆಚ್ಚು ಉಳಿಯುತ್ತದೆ. 750 ಮಿಲೀ ಬಾಟಲಿಗೆ ಆರು ಲೋಟ. ನಡುವೆ ಉಬ್ಬಿ ಬಾಯಿ ಕಿರಿದಾದ ಲೋಟದಲ್ಲಿ ಪರಿಮಳ ನಿಲ್ಲುತ್ತದೆ, ಕೊಳವೆಯಂಥದ್ದಕ್ಕಿಂತ ಅದೇ ಮೇಲು. ಗುಳ್ಳೆ ಏಳದಿದ್ದರೆ ವೈನನ್ನು ದೂರಬೇಡಿ. ಲೋಟಕ್ಕೆ ಅಂಟಿದ ಸೋಪು ಅಥವಾ ಜಿಡ್ಡು ಗುಳ್ಳೆಯನ್ನು ಕೊಲ್ಲುತ್ತದೆ. ಬಿಸಿನೀರಲ್ಲಿ ಜಾಲಾಡಿ ಹತ್ತಿಬಟ್ಟೆಯಲ್ಲಿ ಒರೆಸಿ: ಬಟ್ಟೆ ಬಿಟ್ಟ ಸಣ್ಣ ಎಳೆಗಳಿಂದಲೇ ಗುಳ್ಳೆಯ ಸಾಲು ಹೊರಡುವುದು.

ಉಳಿದದ್ದಕ್ಕೆ ಕತ್ತನ್ನು ಕಚ್ಚಿಹಿಡಿಯುವ ಷಾಂಪೇನ್ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ದಿನಕ್ಕೂ ಗುಳ್ಳೆ ಇರುತ್ತದೆ. ಬಾಯಿಗೆ ಬೆಳ್ಳಿ ಚಮಚ ಇಳಿಬಿಡುವ ಹಳೆಯ ಉಪಾಯದಿಂದ ಏನೂ ಆಗದು.